ತಿದ್ದುವ ಕೈಯೊಂದು ಬೇಕು: ನಮ್ಮ ಮೂರು ಜಿಲ್ಲೆಗಳ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ ಹಾಗೂ ಪತ್ರಿಕೋದ್ಯಮದ ಪಠ್ಯಕ್ರಮ ರೂಪಿಸುವ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ನಮಸ್ಕಾರ. ಬಳ್ಳಾರಿಯಲ್ಲಿ 22 ವರ್ಷದಿಂದ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಿರುಗುಪ್ಪ, ಕಂಪ್ಲಿ, ಸಂಡೂರು, ಗಂಗಾವತಿ, ಸಿಂಧನೂರು ಕಡೆಯಿಂದ ಬರುವ ಸುದ್ದಿಗಳನ್ನು ತಿದ್ದಿ, ತಲೆಬರಹ ಕೊಟ್ಟು, ರಾತ್ರಿ ಪುಟ ಬಿಡುವ ಹೊತ್ತಿಗೆ ಕೂರಿಸುವುದು ನನ್ನ ಕೆಲಸ. ಈಚೆಗೆ ಮೂರು ವರ್ಷದಿಂದ, ಕರೆದ ಕಾಲೇಜುಗಳಿಗೆ ಹೋಗಿ ಸುದ್ದಿ ಬರೆಯುವುದನ್ನು ಹೇಳಿಕೊಡುತ್ತಲೂ ಇದ್ದೇನೆ. ಅಲ್ಲಿ ಕಂಡದ್ದನ್ನು ನಿಮಗೆ ನೇರವಾಗಿ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ಒಂದು ಕಾಲೇಜಿನಲ್ಲಿ ಅಂತಿಮ ವರ್ಷದ ಪತ್ರಿಕೋದ್ಯಮ ವಿದ್ಯಾರ್ಥಿಗಳು 38 ಮಂದಿ ಕೂತಿದ್ದರು. ತಲೆಕೆಳಗಾದ ಪಿರಮಿಡ್ ಅಂದರೇನು ಎಂದು ಕೇಳಿದೆ. ಕೇಳಿದ್ದೇ ತಡ, ನಾಲ್ಕೈದು ಜನ ಎದ್ದು ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದರು. ಮುಖ್ಯವಾದದ್ದು ಮೊದಲು, ವಿವರ ಆಮೇಲೆ, ಹಿನ್ನೆಲೆ ಕೊನೆಗೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರೂ ಪ್ರಶ್ನೆ ಬಾಯಿಪಾಠ. ‘ಸರಿ, ಒಂದು ಗಂಟೆ ಟೈಮು ಕೊಡ್ತೀನಿ. ಗೇಟಿನ ಹೊರಗೆ ಹೋಗಿ ಏನಾದರೂ ಒಂದು ಸುದ್ದಿ ತಂದು ಐದೇ ವಾಕ್ಯದಲ್ಲಿ ಬರೀರಿ’ ಅಂದೆ. ಕ್ಲಾಸು ಒಮ್ಮೆಲೇ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲಗೆ ಕೇಳಿದ: ‘ಹೊರಗ ಹೋಗಾಕ ಪರ್ಮಿಷನ್ ಐತ್ರೀ ಮೇಡಂ?’

ಮೂರು ವರ್ಷ ಪತ್ರಿಕೋದ್ಯಮ ಓದಿದ ಹುಡುಗ ಸುದ್ದಿಗಾಗಿ ಗೇಟು ದಾಟಿದ್ದು ಅದೇ ಮೊದಲು.

ಒಂದು ಗಂಟೆಯ ಮೇಲೆ ಕೈಗೆ ಬಂದ ಹಾಳೆಗಳಲ್ಲಿ ಒಂದನ್ನು ಹಾಗೆಯೇ ಕೊಡುತ್ತೇನೆ. ಬರೆದ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ.

‘ಇತ್ತೀಚಿನ ದಿನಗಳಲ್ಲಿ ಕುಡಿಯುವ ನೀರಿನ ಸಮಸ್ಯೆಯು ಜ್ವಲಂತ ಸಮಸ್ಯೆಯಾಗಿ ಪರಿಣಮಿಸಿದ್ದು, ಸಾರ್ವಜನಿಕರು ನೀರಿಗಾಗಿ ಹರಸಾಹಸ ಪಡುವಂತಾಗಿದೆ. ಸಂಬಂಧಪಟ್ಟ ಅಧಿಕಾರಿಗಳು ಕಣ್ಣಿದ್ದೂ ಕುರುಡರಂತೆ ವರ್ತಿಸುತ್ತಿರುವುದು ಆಕ್ರೋಶಕ್ಕೆ ಕಾರಣವಾಗಿದೆ ಎನ್ನಲಾಗಿದೆ.’

ಅಕ್ಷರ ದುಂಡಗಿದೆ, ವ್ಯಾಕರಣ ಎಲ್ಲೂ ತಪ್ಪಿಲ್ಲ. ಆದರೆ ಓಣಿ ಯಾವುದು, ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅಧಿಕಾರಿ ಯಾರು, ಅವರನ್ನು ಕೇಳಿದ್ದಾಯಿತೇ, ಒಂದೂ ಇಲ್ಲ. ಈ ಎರಡು ವಾಕ್ಯವನ್ನು ಯಾವ ಊರಿಗಾದರೂ, ಯಾವ ವರ್ಷಕ್ಕಾದರೂ ಅಂಟಿಸಬಹುದು. ದಿನಾ ರಾತ್ರಿ ನನ್ನ ಕಂಪ್ಯೂಟರಿಗೆ ಬರುವ ಸುದ್ದಿಗಳಲ್ಲೂ ಇಂಥವು ಬೇಕಾದಷ್ಟಿರುತ್ತವೆ. ಹುಡುಗಿ ಅವುಗಳನ್ನು ಓದಿಯೇ ಹೀಗೆ ಬರೆಯುವುದನ್ನು ಕಲಿತಿದ್ದಾಳೆ. ಹಾಗಾಗಿ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಪಕ್ಕ ಕೂತು ಕೇಳುತ್ತಾ ಹೋದೆ.

‘ಇದನ್ನ ಎಲ್ಲಿ ನೋಡಿದೆ?’

‘ಎದುರಿನ ಓಣ್ಯಾಗ್ರೀ ಮೇಡಂ.’

‘ಯಾರನ್ನ ಮಾತಾಡಿಸಿದೆ?’

‘ಒಬ್ಬ ಅಜ್ಜಿ ಕೊಡ ಹಿಡಕೊಂಡು ನಿಂತಿದ್ಳ್ರೀ. ನಳಕ್ಕ ನೀರು ಬಂದು ಹನ್ನೊಂದು ದಿನ ಆತವ್ವ, ದಿನಾ ಎಂಟು ಕೊಡ ಹೊರ್ತೀನಿ ಅಂದ್ಳು.’

‘ಎಲ್ಲಿಂದ ಹೊರತಾಳ?’

‘ಗುಡಿ ಹತ್ರ ಬೋರ್ ಐತ್ರೀ, ಅಲ್ಲಿಂದ.’

‘ಎಷ್ಟು ದೂರ?’

ಅದು ಗೊತ್ತಿರಲಿಲ್ಲ. ಎದ್ದು ಹೋಗಿ ಹೆಜ್ಜೆ ಎಣಿಸಿಕೊಂಡು ಬಂದಳು. 340 ಹೆಜ್ಜೆ. ಅಜ್ಜಿಯ ವಯಸ್ಸನ್ನೂ ಕೇಳಿಕೊಂಡು ಬಂದಿದ್ದಳು, ನಾನು ಹೇಳದಿದ್ದರೂ. ಆಮೇಲೆ ಬರೆದ ಮೊದಲ ಎರಡು ವಾಕ್ಯ ಹೀಗಿದ್ದವು: ‘ಕಾಲೇಜಿನ ಎದುರಿನ ಓಣಿಯ ನಳಕ್ಕೆ ನೀರು ಬಂದು 11 ದಿನವಾಯಿತು. 70 ವರ್ಷದ ಅಜ್ಜಿಯೊಬ್ಬರು 340 ಹೆಜ್ಜೆ ದೂರದ ಬೋರ್‌ವೆಲ್‌ನಿಂದ ದಿನಕ್ಕೆ ಎಂಟು ಕೊಡ ನೀರು ಹೊರುತ್ತಿದ್ದಾರೆ.’ ‘ಜ್ವಲಂತ’ ಎಂಬ ಮಾತನ್ನು ಅವಳೇ ಹೊಡೆದು ಹಾಕಿದಳು. ನೀರು ಬಿಡುವವರನ್ನು ಕೇಳುವುದು ಬಾಕಿ ಇತ್ತು, ಅದನ್ನು ಮರುದಿನ ಮಾಡಿದಳು.

ನಾನು ಅವಳಿಗೆ ಹೊಸದಾಗಿ ಏನನ್ನೂ ಹೇಳಿಕೊಡಲಿಲ್ಲ. ಆರು ಪ್ರಶ್ನೆ ಅವಳಿಗೆ ಮೊದಲೇ ಗೊತ್ತಿದ್ದವು. ಬರೆದದ್ದನ್ನು ಒಬ್ಬರು ಪಕ್ಕದಲ್ಲಿ ಕೂತು ಓದಿ, ಇಲ್ಲಿ ಏನು ಬಿಟ್ಟಿದೆ ಎಂದು ಕೇಳುವುದು ಮಾತ್ರ ಅವಳಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಮಾನ್ಯರೇ, ಈ ಪತ್ರದಲ್ಲಿ ನಾನು ಬೇಡುತ್ತಿರುವುದು ಅದೊಂದನ್ನೇ. ನೋಟ್ಸು ಕಡಿಮೆ ಮಾಡಿ, ತಿದ್ದುವುದನ್ನು ಹೆಚ್ಚು ಮಾಡಿ.

ನಮ್ಮ ಕಡೆ ಸುದ್ದಿ ಕಳಿಸುವ ಬಹಳಷ್ಟು ಮಂದಿ ಅರೆಕಾಲಿಕ ವರದಿಗಾರರು. ಗೊಬ್ಬರದಂಗಡಿ ಇಟ್ಟವರಿದ್ದಾರೆ, ಟ್ಯೂಷನ್ ಹೇಳುವವರಿದ್ದಾರೆ, ಬೆಳಿಗ್ಗೆ ಪತ್ರಿಕೆ ಹಂಚಿ ಸಂಜೆ ಸುದ್ದಿ ಬರೆಯುವವರಿದ್ದಾರೆ. ಪತ್ರಿಕೋದ್ಯಮವನ್ನು ಅವರು ಯಾವ ಕಾಲೇಜಿನಲ್ಲೂ ಓದಿಲ್ಲ. ಕಲಿತದ್ದೆಲ್ಲ ರಾತ್ರಿ ಒಂಬತ್ತರ ಮೇಲೆ, ಡೆಸ್ಕಿನಿಂದ ಹೋಗುವ ಫೋನಿನಲ್ಲಿ. ‘ಅಣ್ಣಾ, ಇದನ್ನ ಯಾರು ಹೇಳಿದ್ದು?’ ‘ಸರ, ಊರಿನ ಹೆಸರು ಎರಡು ಥರ ಬರೆದೀರಿ, ಯಾವುದು ಖರೆ?’ ಬೈಸಿಕೊಂಡರು, ಬೇಜಾರಾದರು, ಆದರೂ ಮರುದಿನ ಇನ್ನಷ್ಟು ಸರಿಯಾಗಿ ಬರೆದರು. ಹೀಗೆ ಹತ್ತು ವರ್ಷ ತಿದ್ದಿಸಿಕೊಂಡವರು ಇವತ್ತು ನನ್ನ ತಪ್ಪನ್ನು ಹಿಡಿಯುತ್ತಾರೆ.

ಈಗ ಎಲ್ಲ ಸುದ್ದಿಯೂ ಆ ದಾರಿಯಲ್ಲಿ ಬರುವುದಿಲ್ಲ. ಕಾರಟಗಿಯಲ್ಲೋ ಮಾನ್ವಿಯಲ್ಲೋ ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ಹಿಡಿದು, ನಾಲ್ಕು ಸಾಲು ಬರೆದು, ವಾಟ್ಸ್‌ಆ್ಯಪ್ ಗುಂಪಿಗೋ ಯೂಟ್ಯೂಬ್ ಚಾನೆಲ್ಲಿಗೋ ಹಾಕಿಬಿಡುತ್ತಾನೆ. ಅವನನ್ನು ಹಗುರವಾಗಿ ಕಾಣುವವರ ಸಾಲಿನಲ್ಲಿ ನಾನಿಲ್ಲ. ಪತ್ರಿಕೆಯ ಕಾರು ಯಾವತ್ತೂ ಹೋಗದ ತಾಂಡಾಕ್ಕೆ, ಕ್ಯಾಂಪಿಗೆ ಅವನು ಬೈಕಿನಲ್ಲಿ ಹೋಗುತ್ತಾನೆ. ಆದರೆ ಅವನಿಗೂ ಓದುಗನಿಗೂ ನಡುವೆ ಡೆಸ್ಕಿಲ್ಲ. ರಾತ್ರಿ ಫೋನು ಮಾಡಿ ಕೇಳುವವರಿಲ್ಲ. ಅವನು ತನಗೆ ತಾನೇ ಡೆಸ್ಕಾಗಬೇಕು, ಅದನ್ನು ಎಲ್ಲಾದರೂ ಕಲಿಯಬೇಕು. ಆ ಹುಡುಗ ಬಿಎ ಓದುತ್ತಿರುವುದು ನಿಮ್ಮ ಕಾಲೇಜಿನಲ್ಲೇ.

ತಿದ್ದುವ ಕೈ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಡೆಸ್ಕಿಗೆ ಸೇರಿದ ಎರಡನೆಯ ವರ್ಷ. ಸಿರುಗುಪ್ಪ ರಸ್ತೆಯಲ್ಲಿ ಅಪಘಾತವಾಗಿ ಒಬ್ಬ ಯುವಕ ತೀರಿಕೊಂಡಿದ್ದ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹೆಸರು, ಊರು, ವಯಸ್ಸು ಬಂತು. ಅರ್ಧ ಗಂಟೆಯಲ್ಲಿ ಯಾರೋ ಊರಿನವರು ಫೋಟೊ ಕಳಿಸಿದರು. ಪುಟ ಹೋಗುವ ಅವಸರ. ಹಾಕಿದೆ. ಮರುದಿನ ಮಧ್ಯಾಹ್ನ ಒಬ್ಬ ಹೆಂಗಸು ಪತ್ರಿಕೆಯನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಕಚೇರಿಗೆ ಬಂದರು. ಎದುರಿಗೆ ನಿಂತು ಕೇಳಿದರು: ‘ನೀನೇನವ್ವ ಇದನ್ನ ಬರ್ದಾಕಿ? ನನ್ನ ಮಗ ಬೆಂಗ್ಳೂರಾಗ ದುಡಿಯಾಕ ಹೋಗ್ಯಾನ. ಬೆಳಿಗ್ಗಿಂದ ಮನಿ ಮುಂದ ಮಂದಿ ಅಳಾಕ ಬರಾಕ ಹತ್ಯಾರ. ಅವನ ಫೋನು ಹತ್ತವಲ್ದು. ನಾ ಯಾರನ್ನ ನಂಬ್ಲಿ?’

ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು. ತೀರಿಕೊಂಡದ್ದು ಇನ್ನೊಬ್ಬ. ಮೂರು ಗಂಟೆಗೆ ಮಗ ಫೋನು ಎತ್ತುವವರೆಗೆ ಆ ತಾಯಿ ನಮ್ಮ ಕಚೇರಿಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಮಗನ ದನಿ ಕೇಳಿದ ಮೇಲೆ ಒಂದು ಮಾತೂ ಆಡದೆ ಎದ್ದು ಹೋದರು. ಮರುದಿನ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ನಿಜವಾಗಿ ಮಗನನ್ನು ಕಳಕೊಂಡ ಮನೆಯವರು ತಮ್ಮ ಮಗನ ಹೆಸರಿನ ಮೇಲೆ ಬೇರೆ ಯಾರದೋ ಮುಖ ನೋಡಿದ್ದರು. ಅವರ ಮನೆಗೆ ಹೋಗುವ ಧೈರ್ಯ ನನಗೆ ಬರಲು ಒಂದು ತಿಂಗಳು ಹಿಡಿಯಿತು. ಆ ರಾತ್ರಿ ನಾನು ಕೇಳದೆ ಬಿಟ್ಟದ್ದು ಒಂದೇ ಪ್ರಶ್ನೆ: ತಂದೆಯ ಹೆಸರೇನು?

‘ಯಾರು’ ಎಂಬ ಪ್ರಶ್ನೆಯ ಬೆಲೆ ತಿಳಿಸಲು ನಮ್ಮ ಮಕ್ಕಳನ್ನು ದೂರ ಕರೆದೊಯ್ಯಬೇಕಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಗೆ ಕರೆದುಕೊಂಡು ಹೋಗಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿ ಬಂಡೆಯ ಮೇಲಿನ ಶಾಸನ ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂದು ಇತ್ತು. ಆ ಬಿರುದುಗಳ ಒಡೆಯ ಯಾರು ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಅಲ್ಲಿ. ಸುದ್ದಿಯಲ್ಲಿ ‘ಗಣ್ಯರೊಬ್ಬರು’, ‘ಪ್ರಭಾವಿಯೊಬ್ಬರು’ ಎಂದು ಬರೆದು ತರುವ ಮಕ್ಕಳಿಗೆ ನಾನು ಮಸ್ಕಿಯ ಕಥೆ ಹೇಳುತ್ತೇನೆ. ಆಮೇಲೆ ಅವರು ಹೆಸರು ಕೇಳದೆ ಬರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲ ನೆನಪಿರಬೇಕು. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ರಾತ್ರಿ ನನ್ನ ಫೋನಿಗೆ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ‘ಡ್ಯಾಂ ಒಡೆದಿದೆ’ ಎಂದೇ ಇದ್ದವು. ಗೇಟು ಹೋಗುವುದಕ್ಕೂ ಡ್ಯಾಂ ಒಡೆಯುವುದಕ್ಕೂ ಇರುವ ಅಂತರ ಹೊಳೆದಂಡೆಯ ಊರಿನವರಿಗೆ ಜೀವದ ಪ್ರಶ್ನೆ. ಒಂದರಲ್ಲಿ ದನಕರು ಮೇಲಕ್ಕೆ ಕಟ್ಟಿ, ಹೊಳೆಗಿಳಿಯದೆ, ಸೇತುವೆ ದಾಟದೆ ಇದ್ದರೆ ಸಾಕು. ಇನ್ನೊಂದರಲ್ಲಿ ಕತ್ತಲಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಬೇಕು. ಆ ಹೊತ್ತಿಗೆ ಬರೆಯಬೇಕಾದ ಮೊದಲ ಪ್ಯಾರಾ ಯಾವುದು? ಆದದ್ದೇನು, ಆಗದಿರುವುದೇನು, ಹೊಳೆಗೆ ಎಷ್ಟು ನೀರು ಹೋಗುತ್ತಿದೆ, ಕಂಪ್ಲಿ–ಗಂಗಾವತಿ ಸೇತುವೆ ದಾಟಬಹುದೇ, ಹೇಳಿದವರು ಯಾರು, ಹೇಳಿದ್ದು ಎಷ್ಟು ಗಂಟೆಗೆ. ಜಲಾಶಯ ಯಾವಾಗ ಕಟ್ಟಿದ್ದು, ಯಾವ ಸಚಿವರು ಯಾರನ್ನು ದೂರಿದರು ಎಂಬುದೆಲ್ಲ ಬೆಳಗಾಗುವವರೆಗೆ ಕಾಯಬಹುದು. ತಲೆಕೆಳಗಾದ ಪಿರಮಿಡ್ ಅಂದರೆ ಇದೇ. ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಇಳಿಸಿದಾಗ ನಮ್ಮ ಜನ ನಿಟ್ಟುಸಿರು ಬಿಟ್ಟರು. ಆ ವಾರದ ಒಂದೊಂದು ದಿನದ ಸುದ್ದಿಯೂ ನಿಮ್ಮ ತರಗತಿಗೆ ಒಂದೊಂದು ಪಾಠ. ನೋಟ್ಸಿನಲ್ಲಿ ಇನ್ನೂ ಯಾವುದೋ ದೇಶದ ಉದಾಹರಣೆಯೇ ಏಕೆ ಇದೆಯೋ ನನಗೆ ತಿಳಿಯದು.

ಅದೇ ವಾರ ‘1 ಲಕ್ಷ ಟಿಎಂಸಿ ನೀರು ಹೊರಕ್ಕೆ’ ಎಂದು ಬರೆದ ಕಾಪಿ ನನ್ನ ಮುಂದೆ ಬಂತು. ಬರೆಯಬೇಕಾದದ್ದು 1 ಲಕ್ಷ ಕ್ಯುಸೆಕ್. ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಅದು ನಿಂತ ನೀರಿನ ಅಳತೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹರಿಯುವ ನೀರಿನ ಅಳತೆ. ತುಂಗಭದ್ರಾ ಜಲಾಶಯ ತುಂಬಿದರೆ ಹಿಡಿಯುವುದೇ 105.788 ಟಿಎಂಸಿ. 1 ಲಕ್ಷ ಟಿಎಂಸಿ ಬೇಕಾದರೆ ಅಂಥ 900ಕ್ಕೂ ಹೆಚ್ಚು ಜಲಾಶಯ ಬೇಕು. 1 ಲಕ್ಷ ಕ್ಯುಸೆಕ್‌ನಂತೆ ಒಂದು ದಿನವಿಡೀ ನೀರು ಹರಿದರೆ ಖಾಲಿಯಾಗುವುದು 8.64 ಟಿಎಂಸಿ. ಈ ಲೆಕ್ಕವನ್ನು ವಿದ್ಯಾರ್ಥಿಯ ಕೈಯಿಂದ ಒಮ್ಮೆ ಹಾಳೆಯ ಮೇಲೆ ಮಾಡಿಸಿದರೆ ಸಾಕು, ಜನ್ಮಕ್ಕೆ ಮರೆಯುವುದಿಲ್ಲ. ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂದು ಕಾಯುವ ರೈತ ಆ ಅಂಕಿ ನೋಡಿಯೇ ಸಸಿ ಮಡಿ ಹಾಕುವುದೋ ಬಿಡುವುದೋ ನಿರ್ಧರಿಸುತ್ತಾನೆ.

ಭತ್ತದ ದರವೂ ಹೀಗೇ. ಗಂಗಾವತಿ, ಸಿರುಗುಪ್ಪ, ಸಿಂಧನೂರಿನಲ್ಲಿ ಭತ್ತದ ಮಾತು ನಡೆಯುವುದು 75 ಕಿಲೊ ಚೀಲದ ಲೆಕ್ಕದಲ್ಲಿ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿನ ಲೆಕ್ಕ. 2024–25ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ ಇತ್ತು, ಅಂದರೆ ಚೀಲಕ್ಕೆ 1,725. ಒಬ್ಬ ಹೊಸ ವರದಿಗಾರ ಚೀಲದ ದರವನ್ನು ಕ್ವಿಂಟಲಿನ ಬೆಲೆಯ ಪಕ್ಕ ಇಟ್ಟು, ದರ ಪಾತಾಳಕ್ಕೆ ಇಳಿಯಿತು ಎಂದು ಬರೆದಿದ್ದ. ಹೊಲದಲ್ಲಿ ಬೆಳೆದ ಹುಡುಗ, ಚೀಲ ಎಂದರೆ ಎಷ್ಟೆಂದು ಅವನಿಗೆ ಗೊತ್ತು. ಬರೆಯಲು ಕೂತಾಗ ಮಾತ್ರ ತನಗೆ ಗೊತ್ತಿರುವುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ನಮ್ಮ ಮಕ್ಕಳಿಗೆ ಅನುಭವ ಕಡಿಮೆಯಿಲ್ಲ. ಅದು ಬರವಣಿಗೆಗೆ ಲಾಯಕ್ಕು ಎಂದು ಅವರಿಗೆ ಯಾರೂ ಹೇಳಿಲ್ಲ.

ಇನ್ನು ಭಾಷೆಯ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಪಠ್ಯಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನ ಸುದ್ದಿ ಬರವಣಿಗೆಯನ್ನು ನೋಡಿ ಬರೆದಂಥವು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಕೂರುತ್ತದೆ. ಆರೂ ಪ್ರಶ್ನೆಯ ಉತ್ತರವನ್ನು ಮೊದಲ ವಾಕ್ಯದಲ್ಲೇ ತುರುಕಲು ಹೋದರೆ ‘ಆಗಿದ್ದು’, ‘ನಡೆದಿದ್ದು’, ‘ತೆರಳುತ್ತಿದ್ದ ವೇಳೆ’ ಎಂದು ಕೊಂಡಿ ಬೆಳೆಯುತ್ತಾ ಹೋಗಿ, ಏನಾಯಿತು ಎಂಬುದು ತಿಳಿಯಲು ಓದುಗ ನಲವತ್ತನೇ ಪದದವರೆಗೆ ಉಸಿರು ಹಿಡಿಯಬೇಕು. ನನಗೆ ತಿದ್ದುವುದನ್ನು ಕಲಿಸಿದ ಹಿರಿಯರೊಬ್ಬರು ಕಾಪಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಉಸಿರು ಎಲ್ಲಿ ಕಟ್ಟಿತೋ ಅಲ್ಲಿ ಕೆಂಪು ಗೆರೆ ಎಳೆದು ಪೂರ್ಣವಿರಾಮ ಇಡುತ್ತಿದ್ದರು. ಮೊದಲ ವಾಕ್ಯಕ್ಕೆ ಎರಡು ಮೂರು ಉತ್ತರ ಸಾಕು, ಉಳಿದವು ಮುಂದಿನ ವಾಕ್ಯಕ್ಕೆ ಬರಲಿ.

‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂಬ ಎರಡು ಮಾತುಗಳನ್ನು ಮೊದಲ ಸೆಮಿಸ್ಟರಿನಲ್ಲಿ ಪೂರ್ತಿ ನಿಷೇಧಿಸಿ ನೋಡಿ. ಯಾರು ಅನ್ನುತ್ತಾರೆ? ಯಾರಿಗೆ ತಿಳಿದುಬಂತು? ಆ ಮಾತು ಸಿಗದಾಗ ಮಕ್ಕಳು ಅನಿವಾರ್ಯವಾಗಿ ಯಾರನ್ನಾದರೂ ಕೇಳಲೇಬೇಕಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ವರ್ಷಗಳಿಂದ ಕೊರೆಯುತ್ತಿದೆ. ‘ಉದ್ಯಮಿ ನಿಧನರಾಗಿದ್ದಾರೆ’, ‘ಕೂಲಿ ಕಾರ್ಮಿಕ ಮೃತಪಟ್ಟಿದ್ದಾನೆ’. ಎರಡೂ ಸಾವೇ. ಅಧಿಕಾರಿ ‘ತಿಳಿಸಿದ್ದಾರೆ’, ಹಮಾಲಿ ‘ಹೇಳಿದ್ದಾನೆ’. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಡಕೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ನಾವು ಯಾರನ್ನು ಎಷ್ಟು ಎತ್ತರದಲ್ಲಿ ಕೂರಿಸಿದ್ದೇವೆ ಎಂಬುದು ಕಾಣುತ್ತದೆ. ಸಂಡೂರಿನ ಗಣಿಯಲ್ಲಿ ಅದಿರು ತುಂಬುವ ಹೆಂಗಸು, ಹತ್ತಿ ಬಿಡಿಸಲು ಹೋಗುವ ಹುಡುಗಿ, ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಿ, ಇವರೆಲ್ಲ ಸುದ್ದಿಯಲ್ಲಿ ‘ಅವರು’ ಆಗಬೇಕು. ಆರೋಪ ಹೊತ್ತವರಿಗೂ ತೀರ್ಪು ಬರುವ ಮೊದಲೇ ‘ಖದೀಮ’, ‘ಕಿರಾತಕ’ ಎಂಬ ಪಟ್ಟ ಕಟ್ಟುವುದು ನಿಲ್ಲಬೇಕು. ನಮ್ಮ ಪುಟಗಳಲ್ಲೇ ಇದು ಪೂರ್ತಿ ಸರಿಹೋಗಿಲ್ಲ. ಹೊಸಬರು ಸರಿಯಾಗಿ ಕಲಿತು ಬಂದರೆ ನಮ್ಮನ್ನೂ ತಿದ್ದುತ್ತಾರೆ.

ಕಾನೂನಿನ ಪಾಠ ನಿಮ್ಮಲ್ಲಿ ಇದೆ, ಆದರೆ ಅದು ಕಲಂಗಳ ಪಟ್ಟಿಯಾಗಿ ಉಳಿದಿದೆ. ಪೋಕ್ಸೊ ಕಾಯ್ದೆಯ 23ನೇ ಕಲಂ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರನ್ನು ಮಾತ್ರ ಮುಚ್ಚಿಡು ಎನ್ನುವುದಿಲ್ಲ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಯಾವುದೂ ಹೊರಬರಬಾರದು, ಯಾವ ಬಗೆಯ ಮಾಧ್ಯಮದಲ್ಲೂ. ಹೆಸರು ಬದಲಿಸಿದ್ದೇವೆ ಎಂದು ಬರೆದು, ಇನ್ನೂರು ಮನೆಯ ಊರಿನ ಹೆಸರು ಹಾಕಿ, ತಂದೆ ಏನು ಕೆಲಸ ಮಾಡುತ್ತಾನೆ ಎಂದು ಹೇಳಿದರೆ ಮುಚ್ಚಿಟ್ಟದ್ದೇನು? ಬೆಳಿಗ್ಗೆ ಹತ್ತಕ್ಕೆ ಊರಿಗೆಲ್ಲ ಮಗು ಯಾರೆಂದು ಗೊತ್ತಾಗಿರುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಕಾಪಾಡಬೇಕೆಂಬ ನಿಯಮ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಲ್ಲಿದೆ. ಹಳೆಯ ನೋಟ್ಸಿನಲ್ಲಿ ಇನ್ನೂ ಐಪಿಸಿ 228ಎ ಎಂದೇ ಇರುವುದನ್ನು ನೋಡಿದ್ದೇನೆ, ದಯವಿಟ್ಟು ತಿದ್ದಿಸಿ. ಆತ್ಮಹತ್ಯೆಯ ಸುದ್ದಿಯಲ್ಲಿ ‘ಹೇಗೆ’ ಎಂಬ ಆರನೇ ಪ್ರಶ್ನೆಗೆ ಉತ್ತರ ಬರೆಯಬಾರದು ಎಂಬುದನ್ನು ಎಲ್ಲಕ್ಕಿಂತ ಮೊದಲು ಕಲಿಸಿ. ವಿಧಾನ ಬೇಡ, ‘ಸಾಲವೇ ಕಾರಣ’ ಎಂಬ ಒಂದೆಳೆಯ ತೀರ್ಮಾನ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಕೊನೆಯಲ್ಲಿ ಇರಲಿ.

ಡಿಜಿಟಲ್ ಬರವಣಿಗೆ ಎಂದರೆ ಬೇರೆಯೇ ವಿದ್ಯೆ ಎಂದು ಹಲವರು ತಿಳಿದಿದ್ದಾರೆ. ಬೇರು ಒಂದೇ, ಆದರೆ ಕೆಲವು ಅಭ್ಯಾಸಗಳು ಬದಲಾಗಬೇಕು. ಪತ್ರಿಕೆಯಲ್ಲಿ ‘ಇಂದು’ ಎಂದು ಬರೆದರೆ ನಡೆಯುತ್ತದೆ, ಪುಟದ ನೆತ್ತಿಯ ಮೇಲೆ ತಾರೀಖು ಇರುತ್ತದೆ. ಫೋನಿನ ಸುದ್ದಿಗೆ ನೆತ್ತಿಯಿಲ್ಲ. ಮೂರು ವರ್ಷದ ಹಿಂದಿನ ‘ಇಂದು ಶಾಲೆಗಳಿಗೆ ರಜೆ’ ಮಳೆ ಬಂದ ಪ್ರತಿಸಲ ಎದ್ದು ಬರುತ್ತದೆ. ಹಳೆಯ ಪ್ರವಾಹದ ವಿಡಿಯೋ ಈ ವರ್ಷದ್ದಾಗಿ ತಿರುಗುತ್ತದೆ. ಆದ್ದರಿಂದ ತಾರೀಖು, ವರ್ಷ, ಊರು, ಜಿಲ್ಲೆ ಬರಹದ ಒಳಗೇ ಇರಬೇಕು. ವಿಜಯನಗರ ಜಿಲ್ಲೆಯಾಗಿದ್ದು 2021ರಲ್ಲಿ. ಈಗಲೂ ‘ಬಳ್ಳಾರಿ ಜಿಲ್ಲೆ ಹೊಸಪೇಟೆ’ ಎಂದು ಬರೆಯುವ ಕೈಗಳಿವೆ. ವಿಡಿಯೋ ಎಲ್ಲಿಯದು ಎಂದು ನೋಡಲು ಅದರೊಳಗಿನ ಅಂಗಡಿಯ ಬೋರ್ಡು, ಬಸ್ಸಿನ ಮೇಲಿನ ಊರಿನ ಹೆಸರು, ಗೂಗಲ್ ಲೆನ್ಸ್‌ನಲ್ಲಿ ಒಂದು ಹುಡುಕಾಟ, ಇಷ್ಟರಲ್ಲೇ ಅರ್ಧ ಸುಳ್ಳು ಬಯಲಾಗುತ್ತದೆ.

ಅಕ್ಷರದ ವಿಷಯವೂ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಹಾಗೇ ಅಂತರ್ಜಾಲಕ್ಕೆ ಹಾಕಿದರೆ ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗದು, ಕಣ್ಣು ಕಾಣದವರಿಗೆ ಓದಿ ಹೇಳುವ ಸಾಫ್ಟ್‌ವೇರಿಗೂ ತಿಳಿಯದು. ಯುನಿಕೋಡಿನಲ್ಲಿ ಟೈಪು ಮಾಡುವುದನ್ನು ಒಂದು ವಾರದಲ್ಲಿ ಕಲಿಸಬಹುದು. ‘ಈ ಊರಲ್ಲಿ ಆಗಿದ್ದೇನು ಗೊತ್ತಾ?’ ಎಂಬಂಥ ತಲೆಬರಹಕ್ಕೆ ಒಂದೂ ಅಂಕ ಕೊಡಬೇಡಿ. ಆಗಿದ್ದೇನು ಎಂದು ಹೇಳುವುದೇ ತಲೆಬರಹದ ಕೆಲಸ. ತಪ್ಪಾದಾಗ ಸದ್ದಿಲ್ಲದೆ ಅಳಿಸದೆ, ಏನು ತಪ್ಪಿತ್ತು, ಎಷ್ಟು ಗಂಟೆಗೆ ತಿದ್ದಿದೆವು ಎಂದು ಅಲ್ಲೇ ಬರೆಯುವ ರೂಢಿ ಮೊದಲ ವರ್ಷದಿಂದಲೇ ಬೀಳಲಿ. ಎಐಗೆ ಹೇಳಿ ಬರೆಸಿದ ಕಾಪಿಗಳೂ ಈಗ ಬರುತ್ತಿವೆ. ಅವುಗಳಲ್ಲಿ ‘ಜ್ವಲಂತ ಸಮಸ್ಯೆ’ ಇರುತ್ತದೆ, 340 ಹೆಜ್ಜೆ ಇರುವುದಿಲ್ಲ.

ಇದೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ, ನಮ್ಮಲ್ಲಿ ಲ್ಯಾಬಿಲ್ಲ, ಕ್ಯಾಮೆರಾ ಇಲ್ಲ ಎಂದು ಒಬ್ಬ ಅಧ್ಯಾಪಕರು ನನ್ನ ಹತ್ತಿರ ನೊಂದು ಹೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದಾಗ ಅವರಿಗಿದ್ದದ್ದು ಕಲ್ಲಚ್ಚು. ಮರುವರ್ಷ ಆ ಪತ್ರಿಕೆ ಎಲ್ಲಿಗೆ ಬಂತು? ನಮ್ಮ ಬಳ್ಳಾರಿಗೆ. ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು ಇಲ್ಲಿನ ಅಚ್ಚುಕೂಟದಲ್ಲಿ ಮುದ್ರಣವಾಯಿತು. ಕನ್ನಡದ ಮೊದಲ ಪತ್ರಿಕೆ ಎರಡನೇ ವರ್ಷಕ್ಕೇ ಹುಡುಕಿಕೊಂಡು ಬಂದ ಊರು ನಮ್ಮದು. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸಿ ಮೋಗ್ಲಿಂಗ್ ಫೋಟೊಕ್ಕೆ ಹಾರ ಹಾಕುತ್ತೇವೆ. ಬಳ್ಳಾರಿಯ ಹೆಸರನ್ನು ಆ ವೇದಿಕೆಗಳಲ್ಲಿ ನಾನು ಕೇಳಿದ್ದು ಬಹಳ ಕಡಿಮೆ.

ನನ್ನ ಕೋರಿಕೆ ದೊಡ್ಡದಲ್ಲ. ಪತ್ರಿಕೋದ್ಯಮದ ಅಂಕಗಳಲ್ಲಿ ಅರ್ಧವನ್ನಾದರೂ ಪರೀಕ್ಷಾ ಹಾಳೆಯಿಂದ ಕಿತ್ತು ಒಂದು ಫೈಲಿಗೆ ಕೊಡಿ. ಆ ಫೈಲಿನಲ್ಲಿ ವಿದ್ಯಾರ್ಥಿ ವಾರಕ್ಕೊಂದರಂತೆ ತಂದ ಸುದ್ದಿ ಇರಲಿ: ಮೊದಲು ಬರೆದದ್ದು, ಅದರ ಮೇಲೆ ಅಧ್ಯಾಪಕರು ಕೇಳಿದ ಪ್ರಶ್ನೆಗಳು, ತಿರುಗಿ ಹೋಗಿ ಕೇಳಿಕೊಂಡು ಬಂದು ಬರೆದದ್ದು. ಅಂಕ ಕೊಡುವುದು ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ದೂರಕ್ಕೆ. ಆ ಪ್ರಶ್ನೆ ಕೇಳಲು ಒಬ್ಬರೇ ಅಧ್ಯಾಪಕರಿಗೆ ಆಗದಿದ್ದರೆ ತಾಲ್ಲೂಕಿನ ಹಿರಿಯ ವರದಿಗಾರರನ್ನು ಕರೆಯಿರಿ, ಗೌರವಧನ ಕೊಟ್ಟು ಕರೆಯಿರಿ. ಇಪ್ಪತ್ತು ವರ್ಷ ಹೊಳೆ, ಹೊಲ, ಠಾಣೆ, ಕೋರ್ಟು ಸುತ್ತಿದವರಿಗೆ ಪದವಿ ಇಲ್ಲದಿರಬಹುದು, ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂಬುದು ಅವರಿಗೆ ಕಾಪಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಮತ್ತೆ ಈ ತರಗತಿಯ ಬಾಗಿಲು ಬಿಕಾಂ, ಬಿಎಸ್ಸಿ ಮಕ್ಕಳಿಗೂ ತೆರೆದಿರಲಿ. ಊರಿನ ವಾಟ್ಸ್‌ಆ್ಯಪ್ ಗುಂಪು ನಡೆಸುತ್ತಿರುವವರು ಅವರೂ ಹೌದು. ಗೇಟು ದಾಟಲು ಪರ್ಮಿಷನ್ ಕೇಳಿದ ಆ ಹುಡುಗನಂಥವರಿಗೆ ಶನಿವಾರ ಮಧ್ಯಾಹ್ನ ಹೊರಗೆ ಹೋಗುವುದು ಪಾಠದ ಭಾಗ ಎಂದು ಟೈಮ್‌ಟೇಬಲ್ಲಿನಲ್ಲೇ ಬರೆದು ಹಾಕಿ.

ನನ್ನ ರಜೆ ಶನಿವಾರ. ಬಳ್ಳಾರಿಯಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ಯಾವ ಕಾಲೇಜು ಕರೆದರೂ ಬರುತ್ತೇನೆ, ಬಸ್ ಚಾರ್ಜೂ ಬೇಡ. ಆ ನೀರಿನ ಸುದ್ದಿ ಬರೆದ ಹುಡುಗಿ ಈಗ ಪದವಿ ಮುಗಿಸಿದ್ದಾಳೆ. ಜೊತೆಗೆ ಬರಲು ಅವಳೂ ಒಪ್ಪಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಉಪಸಂಪಾದಕಿ, ಬಳ್ಳಾರಿ